ಪಡುಗಾಳಿಗೆ ಕಾದ ವರ್ಷ

ಹೋದ ವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಾನು ಸೀನಿದೆ. ಒಂದಲ್ಲ ಎರಡಲ್ಲ, ಬಿಡದೆ ಸೀನಿದೆ. ಚೀಲ ಹೊತ್ತ ಹಮಾಲರು ಹೊತ್ತ ಹಾಗೆಯೇ ನಿಂತು ನಕ್ಕರು. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಮೈದುನ ಬಸವರಾಜ, "ಏನ್ರಿ ವೈನಿ, ಪರ ಊರಿನವ್ರಗತೆ ಸೀನಾಕತ್ತೀರಲ್ರಿ" ಎಂದ. ಅವನು ಹೇಳಿದ್ದು ಖರೇ. ಈ ಊರಿನಲ್ಲಿ ಸೀನುವವರು ಹೊರಗಿನವರು ಮಾತ್ರ. ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕಣ್ಣು ಮೂಗು ಸೋರಿಸಿಕೊಂಡೇ ರೊಟ್ಟಿ ಬಡಿಯುತ್ತಿದ್ದೆ. ಒಂದು ದಿನ ಸೀನು ತಾನಾಗಿ ನಿಂತಿತು. ಅತ್ತೆ, "ಈಗ ನೀ ನಮ್ಮ ಮನಿಯಾಕಿ ಆದಿ ನೋಡು" ಎಂದು ಬೆನ್ನು ತಟ್ಟಿದ್ದರು. ಅಲ್ಲಿಂದ ಮುಂದೆ ಮೂವತ್ತು ವರ್ಷ ನನ್ನ ಮೂಗಿಗೆ ಮೆಣಸಿನಕಾಯಿಯ ಘಾಟು ಗೊತ್ತೇ ಆಗಲಿಲ್ಲ. ಹಾವೇರಿಯಲ್ಲಿ ಬಾಡಿಗೆ ಮನೆ ಮಾಡಿ ಎರಡು ವರ್ಷವಾದ ಮೇಲೆ ಈಗ ಮತ್ತೆ ಗೊತ್ತಾಗುತ್ತಿದೆ.

ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರೆ, ಅಂಗಡಿಯ ಮುಂದಿನ ರಾಶಿಯ ಮೇಲೆ ಹೊದಿಸಿದ್ದು ನಮ್ಮ ದೋಣಿಯ ಹಾಯಿ. ಎಲ್ಲಿ ನೋಡಿದರೂ ಗುರುತಿಸುತ್ತಿದ್ದೆ. ಬಿಳಿಯ ಗಟ್ಟಿ ಅರಿವೆ, ನಡುವೆ ನೀಲಿ ಬಣ್ಣದ ದೊಡ್ಡ ಅಂಕಿ, ಕೆಳಗಿನ ಅಂಚಿಗೆ ಸಾಲಾಗಿ ಸಣ್ಣ ಸಣ್ಣ ಲಾಡಿಗಳು. ಮೂಲೆಯಲ್ಲಿ ನಾನೇ ಹಾಕಿದ ಹೊಲಿಗೆ. ಅದರ ಕೆಳಗೆ ಗುಡ್ಡದ ಹಾಗೆ ಮೆಣಸಿನಕಾಯಿ.

ನನ್ನ ಗಂಡ ಈಶ್ವರಪ್ಪ ಇದೇ ಕಟ್ಟೆಯ ಮೇಲೆ ಕೂತು ದಲಾಲಿ ಅಂಗಡಿ ನಡೆಸಿದವರು. ಹಿಡಿ ಮೆಣಸಿನಕಾಯಿ ಎತ್ತಿ ಅಲುಗಾಡಿಸಿ, ಬೀಜದ ಸಪ್ಪಳ ಕೇಳಿಯೇ ಮಾಲು ಎಷ್ಟು ಒಣಗಿದೆ ಎಂದು ಹೇಳುತ್ತಿದ್ದರು. ಐವತ್ತಾರನೇ ವಯಸ್ಸಿಗೆ ಅವರಿಗೆ ಕೆಮ್ಮು ಶುರುವಾಯಿತು. ಪೇಟೆಯಲ್ಲಿ ಕೆಮ್ಮದವರು ಯಾರು ಎಂದು ನಾವು ಲಕ್ಷ್ಯ ಕೊಡಲಿಲ್ಲ. ಕಟ್ಟೆಯ ಮೂರು ಮೆಟ್ಟಿಲು ಏರಿ ಬಾಯಿ ತೆರೆದು ನಿಲ್ಲುವಂತಾದಾಗ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಎದೆಯ ಫೋಟೋ ಹಿಡಿದು ತೋರಿಸಿ, ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಎಂದರು. ಔಷಧಿ ಕೊಟ್ಟು, ಇನ್ನು ಮುಂದೆ ಧೂಳಿಲ್ಲದ ಜಾಗದಲ್ಲಿರಿ ಎಂದೂ ಹೇಳಿದರು.

ತಿರುಗಿ ಬರುವಾಗ ಶಿಗ್ಗಾವಿ ದಾಟಿದ ಮೇಲೆ ಅವರು, "ಲೀಲಾ, ಧೂಳಿಲ್ಲದ ಜಾಗಾ ಎಲ್ಲಿ ಐತಿ?" ಎಂದು ಕೇಳಿದರು. ನನಗೆ ಡಾಕ್ಟರ ಮೇಲೆ ಸಿಟ್ಟು, ದೇವರ ಮೇಲೆ ಸಿಟ್ಟು, ಮೂವತ್ತು ವರ್ಷ ಉಂಡ ಅನ್ನದ ಮೇಲೂ ಸಿಟ್ಟು. "ನೀರಿನ ಮ್ಯಾಲ ಐತಿ, ಅಲ್ಲಿ ಹೋಗಿ ಕುಂದ್ರಿ" ಎಂದುಬಿಟ್ಟೆ.

ಸಿಟ್ಟಿನ ಮಾತನ್ನು ಗಂಟು ಕಟ್ಟಿಕೊಳ್ಳುವುದು ಅವರ ಸ್ವಭಾವ. ದಸರಾ ಮುಗಿದ ಮೇಲೆ ಒಂದು ದಿನ, ಕಾರವಾರದಲ್ಲಿ ಮಾಲು ಇಳಿಸಿ ಬಂದ ಲಾರಿ ನಮ್ಮ ಮನೆ ಮುಂದೆ ನಿಂತಿತು. ಮೇಲೆ ಒಂದು ದೋಣಿ. ಇಬ್ಬರು ಕಾಲು ಚಾಚಿ ಕೂರುವಷ್ಟು ಉದ್ದ, ಫೈಬರಿನದು, ಜೊತೆಗೆ ಕಂಬ, ಹಾಯಿ, ಎರಡು ಕಿತ್ತಳೆ ಬಣ್ಣದ ತೇಲುವ ಅಂಗಿ. ಅಲ್ಲಿ ಯಾರೋ ವಯಸ್ಸಾದವರು ಮಾರಿದ್ದಂತೆ. ಓಣಿಯ ಮಂದಿಯೆಲ್ಲ ಕೂಡಿದರು. ಬಸವರಾಜ ಹಣೆ ಚಚ್ಚಿಕೊಂಡು, "ಅಣ್ಣಾ, ಬ್ಯಾಡಗ್ಯಾಗ ಕುಡಿಯಾಕ ನೀರು ಎಂಟು ದಿನಕ್ಕೊಮ್ಮೆ ಬರತಾವು. ದೋಣಿ ಎಲ್ಲಿ ಬಿಡಾವ?" ಎಂದ. ಎಲ್ಲರೂ ನಕ್ಕರು. ಇವರೂ ನಕ್ಕರು, ನಕ್ಕು ಕೆಮ್ಮಿದರು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬಿಟ್ಟದ್ದು ಗುತ್ತಲದಾಚೆ ತುಂಗಭದ್ರೆಯಲ್ಲಿ. ಅಲ್ಲಿ ಕೆಳಗೆ ಕಟ್ಟೆ ಕಟ್ಟಿದ್ದರಿಂದ ಹೊಳೆ ಕೆರೆಯ ಹಾಗೆ ಅಗಲವಾಗಿ ನಿಲ್ಲುತ್ತದೆ. ದಂಡೆಯ ಹೊಲ ರಾಜೇಸಾಬರದು. ನಮ್ಮ ಅಂಗಡಿಗೇ ಮೆಣಸಿನಕಾಯಿ ಹಾಕುವ ರೈತರು, ಮಾತಿನಲ್ಲಿ ಮಹಾ ಚೇಷ್ಟೆ. ಅವರ ಹುಣಸೆ ಮರದ ಬುಡದಲ್ಲಿ ದೋಣಿ ಇಟ್ಟೆವು. ಭಾನುವಾರ ಪೇಟೆಗೆ ರಜೆ. ನಸುಕಿನಲ್ಲಿ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರೆ ಬಿಸಿಲೇರುವ ಮೊದಲು ಹೊಳೆಯಲ್ಲಿರುತ್ತಿದ್ದೆವು. ನಮಗೆ ಮಕ್ಕಳಿಲ್ಲ. ಮದುವೆಯಾದಾಗಿನಿಂದ ನಾವಿಬ್ಬರೇ ಎಲ್ಲಿಗಾದರೂ ಹೀಗೆ ವಾರ ವಾರ ಹೋದದ್ದಿದ್ದರೆ ಅದು ಆ ವರ್ಷ ಮಾತ್ರ.

ಕಲಿಸುವವರು ಯಾರೂ ಇರಲಿಲ್ಲ. ಅವರು ರಾತ್ರಿ ಮೊಬೈಲಿನಲ್ಲಿ ನೋಡುವುದು, ಬೆಳಿಗ್ಗೆ ನನಗೆ ಹೇಳುವುದು, ಇಬ್ಬರೂ ಕೂಡಿ ತಪ್ಪು ಮಾಡುವುದು. ಮೊದಲ ವಾರವೇ ಮಗುಚಿದೆವು. ಹಾಯಿಯನ್ನು ಬಿಗಿಹಿಡಿಯುವ ಹಗ್ಗ ಒಂದಿರುತ್ತದೆ. ಇವರು ಜೀವಮಾನವೆಲ್ಲ ಲಾರಿಗೆ ಮಾಲು ಬಿಗಿದವರು. ಸಡಿಲ ಹಗ್ಗ ಕಂಡರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆ ಹಗ್ಗವನ್ನೂ ಲಾರಿಯ ಗಂಟು ಹಾಕಿ ಬಿಗಿದುಬಿಟ್ಟರು. ಗಾಳಿ ಒಮ್ಮೆ ಜೋರಾಗಿ ಬೀಸಿತು, ಬಿಡೋಣವೆಂದರೆ ಗಂಟು ಬಿಚ್ಚಲಿಲ್ಲ, ದೋಣಿ ಮಗ್ಗುಲಾಯಿತು. ಪುಣ್ಯಕ್ಕೆ ಎದೆಮಟ್ಟದ ನೀರು. ರಾಜೇಸಾಬರು ದಂಡೆಯಲ್ಲಿ ನಿಂತು, "ಸಾವಕಾರ್ರ, ಹೊಳಿ ಏನು ನಿಮ್ಮ ಮಾಲು ಕದ್ದುಕೊಂಡು ಹೋಗತಿತ್ತೇನ್ರಿ, ಅಷ್ಟ್ಯಾಕ ಬಿಗದೀರಿ?" ಎಂದರು. ಅಂದಿನಿಂದ ಹಗ್ಗ ನನ್ನ ಕೈಗೆ ಬಂತು. "ಇದನ್ನ ಕಟ್ಟೂದಲ್ಲ ಲೀಲಾ, ಹಿಡಕೊಂಡು ಕುಂದ್ರೂದು. ಜೋರು ಬಂತಂದ್ರ ಬಿಟ್ಟುಬಿಡೂದು" ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. ಗೊತ್ತೈತ್ರಿ ಎಂದು ನಾನೂ ಪ್ರತಿ ವಾರ ರೇಗುತ್ತಿದ್ದೆ.

ಇನ್ನೊಂದು ಆಟ ಹಚ್ಚಿದ್ದರು. ನಡುನೀರಿನಲ್ಲಿ, "ಕಣ್ಣು ಮುಚ್ಚು. ಗಾಳಿ ಯಾವ ಕಿವಿಗೆ ಬಡದೈತಿ ಹೇಳು" ಎನ್ನುವರು. ನಾನು ಬಲಗಿವಿ, ಎಡಗಿವಿ ಎಂದು ಹೇಳಬೇಕು. ಎರಡೂ ಕಿವಿಗೆ ಸಮನಾಗಿ ಬಡಿದರೆ ಗಾಳಿ ಎದುರಿಗಿದೆ, ಇಲ್ಲವೇ ಬೆನ್ನಿಗಿದೆ ಎಂದು ಲೆಕ್ಕ. ನಾನು ತಪ್ಪು ಹೇಳಿದರೆ ತಲೆಯ ಮೇಲೆ ನೀರು ಚಿಮುಕಿಸುವರು. ಸಾಲಿಗೆ ಹೋಗುವ ಹುಡುಗರ ಹಾಗಾಗಿದ್ದೆವು. ನೀರಿನ ಮೇಲೆ ಅವರಿಗೆ ಕೆಮ್ಮು ಕಡಿಮೆ ಇರುತ್ತಿತ್ತು ಎಂಬುದೂ ಖರೇ. ಆ ಒಂದು ಕಾರಣಕ್ಕೆ, ಈಜು ಬಾರದ ನಾನು ಅಂಜಿಕೆ ನುಂಗಿಕೊಂಡು ಹೋಗುತ್ತಿದ್ದೆ.

ಅಂಜಿಕೆಗೆ ಒಂದು ಉಪಾಯವನ್ನೂ ಮಾಡಿದ್ದೆವು. ಹಾಯಿ ಪೂರ್ತಿ ಬಿಚ್ಚಿದರೆ ಗಾಳಿ ಹೆಚ್ಚು ಹಿಡಿಯುತ್ತದೆಂದು, ಅದರ ಕೆಳಗಿನ ಭಾಗವನ್ನು ಸೀರೆ ನೆರಿಗೆಯಂತೆ ಮಡಿಸಿ ಲಾಡಿಗಳಿಂದ ಕಟ್ಟಿಬಿಟ್ಟಿದ್ದೆವು. ಆ ಮಡಿಕೆಯನ್ನು ಇಡೀ ಚಳಿಗಾಲ ಬಿಚ್ಚಲಿಲ್ಲ.

ಅವರ ಕಣ್ಣು ಮಾತ್ರ ಆಚೆ ದಂಡೆಯ ಮೇಲೆ. ಆಚೆ ಹಡಗಲಿ ಸೀಮೆ. ನೀರಂಚಿಗೆ ಒಂದು ಬೇವಿನ ಮರ, ಅದರ ಹಿಂದೆ ಬರೀ ಜಾಲಿಕಂಟಿ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಚಳಿಗಾಲಕ್ಕೆ ಗಾಳಿ ಮೂಡಲಿಂದ ಬೀಸುತ್ತದೆ, ಅಂದರೆ ನಮಗೆ ಎದುರು. ಎಷ್ಟು ಹೆಣಗಿದರೂ ನಡುಹೊಳೆಗೆ ಹೋಗಿ ಹಿಂದೆ ತಳ್ಳಿಸಿಕೊಂಡು ಬರುತ್ತಿದ್ದೆವು. "ಮೂಡಗಾಳಿ ನಮ್ಮವ್ವನಗತೆ ಐತಿ, ಎಲ್ಲಿ ಹೋದ್ರೂ ಎಳದು ಮನಿಗೆ ತರತೈತಿ. ಮಳಿಗಾಲದ ಪಡುಗಾಳಿ ಬರಲಿ, ಒಂದ ದಮ್ಮಿಗೆ ದಾಟೂಣು" ಎನ್ನುವರು. ಸೇತುವೆ ಮೇಲೆ ಕಾರಿನಲ್ಲಿ ಹೋಗಿ ನೋಡಿ ಬರೋಣ ಎಂದರೆ, "ಹಂಗಾರ ದೋಣಿ ಯಾಕ ತಂದೆ?" ಎಂದು ಮುಖ ತಿರುಗಿಸುವರು.

ಸಂಕ್ರಾಂತಿಯ ಹೊತ್ತಿಗೆ ಹಾಯಿ ಎಳೆದು ಏರಿಸಲು ಅವರಿಗೆ ದಮ್ಮು ಸಾಲದಾಯಿತು. ನಾನೇ ಏರಿಸತೊಡಗಿದೆ. ಶಿವರಾತ್ರಿ ಹೊತ್ತಿಗೆ ಚುಕ್ಕಾಣಿಯೂ ನನ್ನ ಕೈಗೆ ಬಂತು. ಅವರು ಮುಂದೆ ಕೂತು ಹಾಗೆ ಮಾಡು ಹೀಗೆ ಮಾಡು ಎನ್ನುತ್ತಿದ್ದರು, ಬರಬರುತ್ತ ಕೈಸನ್ನೆ ಮಾತ್ರ. ಹೋಳಿ ಹುಣ್ಣಿಮೆಗೆ ಹೊಳೆ ಇಳಿದು ಹಾಸುಬಂಡೆ ಕಂಡವು. ದೋಣಿಯನ್ನು ಹುಣಸೆ ಮರದ ಕೆಳಗೆ ಬೋರಲು ಹಾಕಿದೆವು.

ಹಾಯಿಯನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ರಾಜೇಸಾಬರ ಕಣಜದ ತುಂಬ ಇಲಿ. ಹಾಯಿಯ ಒಂದು ಮೂಲೆಯನ್ನು ಆಗಲೇ ಕಡಿದಿದ್ದವು, ನಾನು ಹೊಲಿದಿದ್ದೆ. ಬ್ಯಾಡಗಿಯವರಿಗೆ ಇಂಥ ಪ್ರಶ್ನೆಗೆ ಉತ್ತರ ಒಂದೇ: ಗೋದಾಮು. ಒಣಗಿದ ಜಾಗ, ಮೆಣಸಿನಕಾಯಿ ಇದ್ದಲ್ಲಿ ಇಲಿ ಸುಳಿಯುವುದಿಲ್ಲ. ಮದುವೆಯ ಜಮಖಾನೆ, ಹಳೆಯ ಹಾಸಿಗೆ, ಗಣಪತಿ ಮಂಟಪ, ಎಲ್ಲವನ್ನೂ ನಾವು ಇಡುವುದು ಅಲ್ಲಿಯೇ. ಡಾಕ್ಟರು ಬೇಡವೆಂದಿದ್ದರಿಂದ ಇವರು ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ಹಮಾಲನ ಕೈಯಿಂದ ಮಡಿಕೆ ಕಟ್ಟಿದ್ದ ಹಾಯಿಯ ಸುರುಳಿಯನ್ನು ಅಟ್ಟದ ಮೇಲೆ ಇಡಿಸಿದರು. ತಮ್ಮ ಮೈಗೆ ಬೇಡವಾದ ಜಾಗ ಹಾಯಿಗೂ ಬೇಡ ಎಂದು ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂಗಿದ್ದರಲ್ಲವೇ ಹೊಳೆಯುವುದು.

ಅದು ಸುಗ್ಗಿ. ಪೇಟೆಯ ತುಂಬ ಕೆಂಪು, ಆಕಾಶಕ್ಕೂ ಕೆಂಪು ಹತ್ತಿದಂತಿರುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮೆ ಎಂದು ಹೊಗಳುತ್ತಾರೆ, ಆದರೆ ಆ ವರ್ಷ ಗುಂಟೂರು ಜಾತಿಯ ಖಾರದ ಮಾಲೂ ಬಂದು ನಮ್ಮ ಗೋದಾಮಿನಲ್ಲಿ ಬಿದ್ದಿತ್ತು. ಹಮಾಲರು ದಿನವೂ ಸುರಿದರು, ತುಂಬಿದರು, ಕಾಲಿನಿಂದ ತುಳಿದು ಚೀಲ ಗಟ್ಟಿ ಮಾಡಿದರು. ಎದ್ದ ಧೂಳು ಅಟ್ಟಕ್ಕೇರಿ ಕೂತಿತು.

ಇವರು ಮನೆಯಲ್ಲಿ ಆಮ್ಲಜನಕದ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಬೇಸಿಗೆ ಕಳೆದರು. ಕರೆಂಟು ಹೋದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಿಟಕಿಯಿಂದ ಎದುರು ಮನೆಯ ಮಾಳಿಗೆಯ ಮೇಲಿನ ಬಾವುಟ ಕಾಣುತ್ತಿತ್ತು. ಯಾವ ಕಡೆ ಹಾರುತ್ತಿದೆ ಎಂದು ಅದನ್ನೇ ನೋಡುತ್ತ ಕೂರುವರು. ರೋಹಿಣಿ ಮಳೆ ಹೋಯಿತು, ಮಿರಗದ ಮಳೆ ಬಂತು. ಒಂದು ಮುಂಜಾನೆ ನನ್ನನ್ನು ಸನ್ನೆ ಮಾಡಿ ಕರೆದು ಕಿಟಕಿ ತೋರಿಸಿದರು. ಬಾವುಟ ಮೂಡಲಕ್ಕೆ ಚಾಚಿ ಪಟಪಟಿಸುತ್ತಿತ್ತು, ಪಡುಗಾಳಿ ಬಂದಿತ್ತು.

"ಬ್ಯಾಡ್ರಿ" ಎಂದೆ. "ಕೈ ಮುಗೀತೀನಿ, ಈ ವರ್ಷ ಬ್ಯಾಡ್ರಿ."

"ಮುಂದಿನ ವರ್ಷ ಅಂತಿಯೇನು?" ಎಂದರು. ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. "ಈ ಖುರ್ಚಿ ಮ್ಯಾಲ ಕುಂತು ಸಾಯೂದು ನನಗ ಬ್ಯಾಡ. ಅರ್ಧಾ ಹೊಳಿಗೆ ಹೋಗಿ ಬರೂಣು. ನೀನ ನಡಸು."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದು ನೂರು ಮಂದಿ ಕೇಳಿದ್ದಾರೆ. ಅವರ ಮುಖ ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ ಎಂದಷ್ಟೇ ಹೇಳುತ್ತೇನೆ.

ಆರಿದ್ರಾ ಮಳೆಯ ನಡುವೆ ಒಂದು ಭಾನುವಾರ, ಮೋಡ ಕವಿದಿತ್ತು, ಮಳೆ ಇರಲಿಲ್ಲ. ಹೊಳೆಗೆ ಹೊಸ ಕೆಂಪು ನೀರು ಬಂದು ನಿಂತಿತ್ತು. ಹಾಯಿಯ ಸುರುಳಿಯನ್ನು ಕಾರಿನಿಂದ ಇಳಿಸಿ ಹೆಗಲ ಮೇಲಿಟ್ಟುಕೊಂಡ ರಾಜೇಸಾಬರು ನಾಲ್ಕು ಹೆಜ್ಜೆ ಹೋಗಿ ಸೀನಿದರು. ಮತ್ತೆ ಸೀನಿದರು. "ಅಕ್ಕಾರ, ಹಾಯಿ ತಂದೀರೋ, ಅಂಗಡೀನ ಹೊತಗೊಂಡು ಬಂದೀರೋ?" ಎಂದರು. ನಾವು ಗಂಡ ಹೆಂಡತಿ ಇಬ್ಬರೂ ನಕ್ಕೆವು. ಹೊರಗಿನವರು ಸೀನಿದಾಗ ಬ್ಯಾಡಗಿಯವರು ನಗುವ ನಗು ಅದು.

ದಂಡೆ ಬಿಡುವಾಗ ಗಾಳಿ ಸಣ್ಣಗಿತ್ತು. ಬೆನ್ನ ಹಿಂದಿನಿಂದ ತಳ್ಳುತ್ತಿತ್ತು. ಅವರು ನನ್ನ ಎದುರು, ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದರು. ನಡುಹೊಳೆ ಬಂದಾಗ ಗಾಳಿ ಪೂರ್ತಿ ಬಿತ್ತು. ಹಾಯಿ ಜೋತು ಬಿತ್ತು, ದೋಣಿ ತಾನಾಗಿ ಪಡುವಲಿಗೆ ಮುಖ ಮಾಡಿ ತಿರುಗಿ ನಿಂತಿತು. ಬೇವಿನ ಮರದ ಟೊಂಗೆ ಬೇರೆ ಬೇರೆ ಕಾಣುವಷ್ಟು ಹತ್ತಿರ ಹೋಗಿದ್ದೆವು. ಅವರು ಮೇಲೆ ನೋಡಿ, "ಲೀಲಾ, ಮಡಿಕಿ ಬಿಚ್ಚು" ಎಂದರು. "ಒಮ್ಮೆರ ಪೂರ್ತಿ ನೋಡೂಣು."

ಲಾಡಿ ಒಂದೊಂದಾಗಿ ಬಿಚ್ಚಿದೆ. ಕೊನೆಯದು ಬಿಚ್ಚುವುದಕ್ಕೂ ಮೋಡದ ಹಿಂದಿನಿಂದ ಗಾಳಿ ಎದ್ದು ಬರುವುದಕ್ಕೂ ಸರಿಯಾಯಿತು. ಹಾಯಿ ಒಮ್ಮೆಲೇ ಬಿಚ್ಚಿಕೊಂಡು ಕೊಡವಿತು. ಮಡಿಕೆಯಲ್ಲಿ ಒಂದು ಸುಗ್ಗಿಯ ಧೂಳು, ಬೀಜ, ಪುಡಿ ಕೂತಿತ್ತು. ಎಲ್ಲವೂ ನಮ್ಮ ಮುಖಕ್ಕೆ ಬಂತು.

ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ರೆಪ್ಪೆ ತೆರೆಯಲಿಲ್ಲ. ನನ್ನ ಕೆಮ್ಮಿನ ನಡುವೆ ಅವರ ಕೆಮ್ಮು ಕೇಳಿತು, ಆಮೇಲೆ ಕೆಮ್ಮೂ ಅಲ್ಲದ ಒಂದು ಸಪ್ಪಳ, ಒಣ ಬಾವಿಗೆ ಕೊಡ ಬಡಿದಂತೆ. ಹೊಳೆಯ ನೀರು ಬಾಚಿ ಅವರ ಮುಖಕ್ಕೂ ನನ್ನ ಮುಖಕ್ಕೂ ಸುರಿದೆ. ಉರಿ ಇನ್ನೂ ಹರಡಿತು. ದೋಣಿ ಗರಗರ ತಿರುಗುತ್ತಿತ್ತು. ಮೂಡಲು ಯಾವುದು, ಪಡುವಲು ಯಾವುದು ತಿಳಿಯದು. ಅವರ ಕೈ ತಡಕಾಡಿ ನನ್ನ ಕೈ ಹಿಡಿಯಿತು. ಹಗ್ಗವನ್ನು ಅದರೊಳಗಿಟ್ಟು ನನ್ನ ಬೆರಳು ಮುಚ್ಚಿದರು. ನಂತರ ಆ ಕೈ ಮೇಲೆ ಬಂದು ನನ್ನ ಕಿವಿಯನ್ನು ಮುಟ್ಟಿತು.

ಚುಕ್ಕಾಣಿ ಹಿಡಿದು ಕೂತೆ. ಗಾಳಿ ಎಡಗಿವಿಗೆ ಬಡಿಯುತ್ತಿತ್ತು. ಎರಡೂ ಕಿವಿಗೆ ಹಿಂದಿನಿಂದ ಸಮನಾಗುವವರೆಗೆ ದೋಣಿ ತಿರುಗಿಸಿ ಹಗ್ಗ ಸಡಿಲ ಬಿಟ್ಟೆ. ಗಾಳಿ ಬೆನ್ನಿಗಿದ್ದರೆ ಕುರುಡಿಯೂ ನೆಟ್ಟಗೆ ಹೋಗಬಹುದು. ಗಾಳಿಗೆ ಎದುರಾಗಿ ಹಿಂದೆ ಬರುವುದು ಕಣ್ಣಿದ್ದಾಗಲೂ ನಮಗೆ ಸರಿಯಾಗಿ ಬರುತ್ತಿರಲಿಲ್ಲ. ರಾಜೇಸಾಬರು ದೂರದಲ್ಲಿ ಕೂಗುವುದು ಕೇಳುತ್ತಿತ್ತು. ಆ ಕೂಗು ಸಣ್ಣದಾಗುತ್ತ ಹೋಯಿತು. ಪೂರ್ತಿ ಬಿಚ್ಚಿದ ಹಾಯಿಗೆ ದೋಣಿ ಹಾರಿದಂತೆ ಹೋಗುತ್ತಿತ್ತು. ಎಂದೂ ಅಷ್ಟು ಚಂದ ಓಡಿರಲಿಲ್ಲ, ಅದನ್ನು ಹೇಳುವುದಕ್ಕೆ ಹೊಟ್ಟೆ ಉರಿಯುತ್ತದೆ. ಕೊನೆಗೆ ತಳ ಮಣ್ಣಿಗೆ ತಾಕಿ ನಾವಿಬ್ಬರೂ ಮುಂದಕ್ಕೆ ಮುಗ್ಗರಿಸಿದೆವು.

ಅದು ಆಚೆ ದಂಡೆ. ರಸ್ತೆಯಿಲ್ಲದ ದಂಡೆ. ನಾನು ಕೂಗಿದ್ದನ್ನು ಕೇಳಿ ಕುರಿ ಕಾಯುವವರು ಬಂದರು. ಕಂಬದಿಂದ ಹಾಯಿ ಬಿಚ್ಚಿ, ಅದರಲ್ಲಿ ಅವರನ್ನು ಮಲಗಿಸಿ, ನಾಲ್ಕು ಮೂಲೆ ಹಿಡಿದು ಜಾಲಿಕಂಟಿಯ ನಡುವೆ ಹೊತ್ತರು. ಆ ಮಂದಿಯೂ ಸೀನುತ್ತಲೇ ಹೊತ್ತರು. ಟ್ರ್ಯಾಕ್ಟರ್ ಸಿಗುವ ದಾರಿಗೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು, ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಜೆ. ಈಚೆ ದಂಡೆಗೆ ಬಂದಿದ್ದರೆ ರಾಜೇಸಾಬರ ಹೊಲದಲ್ಲಿಯೇ ಕಾರು ನಿಂತಿತ್ತು.

ಅವರು ಆ ವಾರ ದಾಟಲಿಲ್ಲ. ನಡುವೆ ಒಮ್ಮೆ ಎಚ್ಚರಾಗಿ, ಮೂಗಿನ ಮೇಲಿನ ಮುಚ್ಚಳ ಸರಿಸಲು ಸನ್ನೆ ಮಾಡಿದರು. ಬಗ್ಗಿದೆ.

"ಯಾವ ದಂಡಿಗೆ ಹಚ್ಚಿದಿ?"

"ಆಚೀ ದಂಡಿಗ್ರಿ."

ಅವರ ಕಣ್ಣು ಇನ್ನೂ ಕೆಂಪಗೆ ಊದಿದ್ದವು. ಆ ಕಣ್ಣಲ್ಲೇ ನಕ್ಕರು. "ಬೇವಿನ ಗಿಡದ ಕಡೆ?" ಎಂದು ಕೇಳಿದರು. ಹೌದ್ರಿ ಎಂದೆ. ದಂಡೆ ಮುಟ್ಟಿದಾಗ ನನಗೆ ಗಿಡ ಕಂಡಿರಲೇ ಇಲ್ಲ. ಅವರು ತೃಪ್ತಿಯಿಂದ ತಲೆಯಾಡಿಸಿ ಮುಚ್ಚಳ ತಾವೇ ಎಳೆದುಕೊಂಡರು. ಮತ್ತೆ ಮಾತಾಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯ ತುಂಬ ಒಂದೇ ಮಾತು: ಹೊಳೆ ನುಂಗಿತು, ದೋಣಿ ನುಂಗಿತು, ಈ ವಯಸ್ಸಿನಲ್ಲಿ ಎಂಥ ಶೋಕಿ. ಕೇಳುತ್ತ ಕೂತೆ. ಬಸವರಾಜನೂ ಅಳುತ್ತ ಅದನ್ನೇ ಅಂದಾಗ ತಡೆಯಲಾಗಲಿಲ್ಲ. "ಹೊಳಿ ಅಲ್ಲ ಬಸು, ನಮ್ಮ ಮೆಣಸಿನಕಾಯಿ" ಎಂದೆ. ಅವನು ನನ್ನ ಮುಖ ನೋಡಿದ, ಮಂದಿಯ ಮುಖ ನೋಡಿದ. "ವೈನಿಗೆ ತಲಿ ಸುದ್ದ ಇಲ್ಲ, ಒಳಗ ಕರಕೊಂಡು ಹೋಗ್ರಿ" ಎಂದ. ಅವನನ್ನು ಬೈಯಲಾರೆ. ಅದೇ ಮಾಲಿನ ಮೇಲೆ ಅವನ ಮನೆ ನಡೆಯಬೇಕು. ಒಂದು ವರ್ಷ ಕಾದೆ, ಅಂಗಡಿಯಲ್ಲಿ ಏನೂ ಬದಲಾಗಲಿಲ್ಲ, ಹಾವೇರಿಗೆ ಹೋಗಿಬಿಟ್ಟೆ. ದೋಣಿ ಆಚೆ ದಂಡೆಯಲ್ಲಿಯೇ ಉಳಿಯಿತು. ಕುರಿಗಳಿಗೆ ನೀರು ಕುಡಿಸಲು ಇಟ್ಟುಕೊಂಡಿದ್ದಾರೆ ಎಂದು ರಾಜೇಸಾಬರು ಹೇಳಿದರು. ಹಾಯಿ ಮಾತ್ರ ನಮ್ಮವರ ಜೊತೆಗೆ ಆಸ್ಪತ್ರೆಗೆ ಹೋಗಿ, ಅವರ ಜೊತೆಗೇ ಬ್ಯಾಡಗಿಗೆ ಬಂದಿತ್ತು. ಎಲ್ಲಿಟ್ಟಿದ್ದಾರೆ ಎಂದು ನಾನು ಕೇಳಿರಲಿಲ್ಲ. ಕೇಳುವುದೇನು, ಬ್ಯಾಡಗಿಯವರು ಎಲ್ಲವನ್ನೂ ಇಡುವಲ್ಲಿ ಇಟ್ಟಿದ್ದರು.

"ಛಲೋ ಅರಿವಿ ರೀ ವೈನಿ, ಸುಮ್ನ ಯಾಕ ಹಾಳಾಗಬೇಕಂತ ಹೊಚ್ಚೀವಿ" ಎಂದ ಬಸವರಾಜ ಹೋದ ವಾರ, ನಾನು ರಾಶಿಯ ಮೇಲಿನ ಹಾಯಿ ನೋಡುತ್ತಿರುವುದನ್ನು ನೋಡಿ. ಅವನ ದನಿಯೂ ಒಡಕು. ಮಾತು ಮುಗಿಸುವಷ್ಟರಲ್ಲಿ ಕೆಮ್ಮಿದ. ಸಣ್ಣ ಕೆಮ್ಮು, ಪೇಟೆಯಲ್ಲಿ ಯಾರೂ ಲಕ್ಷ್ಯ ಕೊಡದ ಕೆಮ್ಮು.

ಅಷ್ಟರಲ್ಲಿ ಗಾಳಿ ಬಂತು. ಹಾಯಿಯ ಒಂದು ಮೂಲೆ ಕಲ್ಲಿನ ಕೆಳಗಿನಿಂದ ತಪ್ಪಿಸಿಕೊಂಡು ಮೇಲೆದ್ದಿತು, ಮೆಣಸಿನಕಾಯಿ ಚೆಲ್ಲಿದವು. ನಾನು ಹೋಗಿ ಮೂಲೆಯ ಹಗ್ಗ ಹಿಡಿದೆ. ಇಲಿ ಕಡಿದದ್ದನ್ನು ನಾನು ಹೊಲಿದ ಮೂಲೆಯೇ ಅದು.

"ಆ ಕೊಂಡಿಗೆ ಕಟ್ಟಿಬಿಡ್ರಿ ವೈನಿ" ಎಂದ.

"ಇದನ್ನ ಕಟ್ಟೂದಲ್ಲ ಬಸು" ಎಂದೆ. "ನೀ ಮೊದಲು ಮೂಗಿಗೆ ಅರಿವಿ ಕಟಗೋ. ಆಮ್ಯಾಲ ನಾಳೆ ನನ್ನ ಸಂಗಾಟ ಹುಬ್ಬಳ್ಳಿಗೆ ಬಾ."

ಅವನು ನಗಲು ನೋಡಿದ, ನಗು ಬರಲಿಲ್ಲ. ಹಮಾಲರು ಕಲ್ಲು ಹುಡುಕಿ ತರುವವರೆಗೆ ನಾನು ಹಗ್ಗ ಹಿಡಿದು ನಿಂತೆ. ಕಣ್ಣು ಉರಿದು ನೀರು ಇಳಿಯುತ್ತಿತ್ತು, ರೆಪ್ಪೆ ಮುಚ್ಚಿಕೊಂಡೆ. ಗಾಳಿ ಪಡುವಲದ್ದು. ಎರಡೂ ಕಿವಿಗೆ ಹಿಂದಿನಿಂದ ಸಮನಾಗಿ ಬಡಿಯುತ್ತಿತ್ತು.